ಸೋಲರಿಯದ ತಂಡ, ತೋರಿಸದ ಲೆಕ್ಕ

1888ರ ಸೆಪ್ಟೆಂಬರ್ 8ರಂದು ಇಂಗ್ಲೆಂಡಿನ ಮೊದಲ ಫುಟ್ಬಾಲ್ ಲೀಗ್ ಶುರುವಾಯಿತು. ಹನ್ನೆರಡು ಕ್ಲಬ್‌ಗಳು, ತಲಾ 22 ಪಂದ್ಯಗಳು. ಋತು ಮುಗಿದಾಗ ಲ್ಯಾಂಕಶೈರ್ ಸೀಮೆಯ ಪ್ರೆಸ್ಟನ್ ನಾರ್ತ್ ಎಂಡ್ 18 ಪಂದ್ಯಗಳನ್ನು ಗೆದ್ದು 4ನ್ನು ಸಮ ಮಾಡಿಕೊಂಡಿತ್ತು. ಸೋತ ಪಂದ್ಯ ಒಂದೂ ಇರಲಿಲ್ಲ. ಹೊಡೆದ ಗೋಲು 74, ಬಿಟ್ಟುಕೊಟ್ಟದ್ದು 15. ಸೋತವರು ಹೊರಬೀಳುವ ಪಂದ್ಯಾವಳಿಯಾದ ಎಫ್‌ಎ ಕಪ್ ಕೂಡ ಅದೇ ಋತುವಿನಲ್ಲಿ ಅದರ ಪಾಲಾಯಿತು, ಅದೂ ಇಡೀ ಕಪ್‌ನಲ್ಲಿ ಒಂದೇ ಒಂದು ಗೋಲು ಕೊಡದೆ. ವಿಕ್ಟೋರಿಯಾ ರಾಣಿಯ ಕಾಲದ ಫುಟ್ಬಾಲ್‌ನಲ್ಲಿ ಇಷ್ಟು ಪೂರ್ಣವಾದ ಗೆಲುವನ್ನು ಬೇರೆ ಯಾವ ತಂಡವೂ ಕಂಡಿಲ್ಲ ಎಂದು ನಾನು ನಂಬಿದ್ದೇನೆ.

ಆರು ವರ್ಷಗಳ ಬಳಿಕ, 1895ರಲ್ಲಿ, ಈ ತಂಡವನ್ನು ಕಟ್ಟಿದ ವ್ಯಕ್ತಿ ತಾವು ಕೆಲಸ ಮಾಡುತ್ತಿದ್ದ ಗಿರಣಿಯ ಹಣವನ್ನು ದುರುಪಯೋಗ ಮಾಡಿದ ಅಪರಾಧಕ್ಕೆ ಮೂರು ವರ್ಷಗಳ ಸೆರೆವಾಸಕ್ಕೆ ಗುರಿಯಾದರು. ಮೊತ್ತ ಐದು ಸಾವಿರ ಪೌಂಡ್‌ಗೂ ಮಿಕ್ಕಿತ್ತು.

ಈ ಎರಡು ಘಟನೆಗಳ ನಡುವೆ ತೆಗೆದುಕೊಂಡ ತೀರ್ಮಾನಗಳ ಅಧ್ಯಯನ ಇದು. ಕ್ಲಬ್‌ನ ಹೆಸರನ್ನು ಮರೆಮಾಡಿದರೆ ಅಂಕಿಗಳಿಗೆ ಅರ್ಥವಿರುವುದಿಲ್ಲ, ಆದ್ದರಿಂದ ಅದನ್ನು ಹೇಳಿದ್ದೇನೆ. ಕ್ಲಬ್‌ನ ಒಳಗಿನ ವ್ಯಕ್ತಿಗಳನ್ನು ಮಾತ್ರ ಅವರು ವಹಿಸಿದ ಪಾತ್ರದಿಂದಲೇ ಕರೆದಿದ್ದೇನೆ: ಕಾರ್ಯದರ್ಶಿ, ಮೊದಲ ನಾಯಕ, ಶಿಕ್ಷಕ ಹೀಗೆ. ಹೆಸರು ಕಾಣಿಸಿದೊಡನೆ ಮನುಷ್ಯನ ಒಳಿತು ಕೆಡುಕನ್ನು ತೂಗಲು ನಮ್ಮ ಮನಸ್ಸು ಹೊರಟುಬಿಡುತ್ತದೆ. ಇಲ್ಲಿ ತೂಗಬೇಕಾದದ್ದು ತೀರ್ಮಾನಗಳನ್ನು. ಕ್ರೀಡಾ ಸಂಘವನ್ನೋ ನಾಟಕ ಮಂಡಳಿಯನ್ನೋ ಸಹಕಾರ ಸಂಘವನ್ನೋ ನಡೆಸುವವರಿಗೆ ಇದರಲ್ಲಿ ತಮ್ಮದೇ ಸಂದರ್ಭದ ಎಳೆಗಳು ಸಿಕ್ಕಾವು.

ಹತ್ತಿಯ ಊರು, ಶನಿವಾರದ ಬಿಡುವು

ಪ್ರೆಸ್ಟನ್ ರಿಬ್ಬಲ್ ನದಿಯ ದಂಡೆಯ ಊರು. ಯಂತ್ರದಿಂದ ನೂಲು ತೆಗೆಯುವ ಉದ್ಯಮಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬನಾದ ರಿಚರ್ಡ್ ಆರ್ಕ್‌ರೈಟ್ ಹುಟ್ಟಿದ್ದು ಇಲ್ಲಿಯೇ. ಹತ್ತೊಂಬತ್ತನೇ ಶತಮಾನದಲ್ಲಿ ಊರಿನ ಹಗಲೂ ರಾತ್ರಿಯೂ ಹತ್ತಿ ಗಿರಣಿಗಳ ಸುತ್ತಲೇ ತಿರುಗುತ್ತಿದ್ದವು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಹಡಗುಗಳು ನಿಂತಾಗ ಲ್ಯಾಂಕಶೈರ್‌ನ ಗಿರಣಿಗಳು ಬಾಗಿಲು ಹಾಕಿದವು. ಧಾರವಾಡ ಸೀಮೆಯ ಹತ್ತಿಗೆ ಕೇಳರಿಯದ ಬೆಲೆ ಬಂದದ್ದು ಆ ವರ್ಷಗಳಲ್ಲೇ. ನಮ್ಮ ರೈತರು ಕಂಡ ಆ ಬೆಲೆಯ ಇನ್ನೊಂದು ತುದಿಯಲ್ಲಿ ಪ್ರೆಸ್ಟನ್ನಿನ ನೇಕಾರರ ಹಸಿವು ಇತ್ತು. ಕೆಲಸ ಕಳೆದುಕೊಂಡವರಿಗೆ ಕೂಲಿ ಕೊಟ್ಟು ಊರಿನ ಪಾರ್ಕುಗಳನ್ನು ಹದಗೊಳಿಸಲಾಯಿತು. ಅವುಗಳಲ್ಲಿ ಒಂದಾದ ಮೂರ್ ಪಾರ್ಕಿನ ಮಗ್ಗುಲಲ್ಲೇ ಇದೆ ಡೀಪ್‌ಡೇಲ್ ಎಂಬ ಮೈದಾನ.

1850ರ ಕಾರ್ಖಾನೆ ಕಾಯ್ದೆ ಜವಳಿ ಗಿರಣಿಗಳಲ್ಲಿ ಶನಿವಾರದ ಕೆಲಸವನ್ನು ಮಧ್ಯಾಹ್ನ ಎರಡು ಗಂಟೆಗೆ ಮುಗಿಸಬೇಕೆಂದು ವಿಧಿಸಿತ್ತು. ಆ ಅರ್ಧ ದಿನದ ಬಿಡುವು ಇಲ್ಲದಿದ್ದರೆ ಮೈದಾನಕ್ಕೆ ಜನರೇ ಬರುತ್ತಿರಲಿಲ್ಲ, ಟಿಕೆಟ್ ಹಣವೂ ಹುಟ್ಟುತ್ತಿರಲಿಲ್ಲ. ನಾವು ಚರ್ಚಿಸಲಿರುವ ಎಲ್ಲ ಹಣದ ಮೂಲ ಆ ಮಧ್ಯಾಹ್ನ.

ನಾರ್ತ್ ಎಂಡ್ ಹುಟ್ಟಿದ್ದು 1863ರಲ್ಲಿ, ಕ್ರಿಕೆಟ್ ಕ್ಲಬ್ ಆಗಿ. 1875ರಲ್ಲಿ ಡೀಪ್‌ಡೇಲ್ ಮೈದಾನವನ್ನು ಗುತ್ತಿಗೆಗೆ ಪಡೆಯಿತು. ಚಳಿಗಾಲದಲ್ಲಿ ಮೈದಾನ ಖಾಲಿ ಬೀಳಬಾರದೆಂದು ರಗ್ಬಿ ಆಡಿ ನೋಡಿದರು. ಊರಿನಲ್ಲಿ ಗ್ರಾಸ್‌ಹಾಪರ್ಸ್ ಎಂಬ ಗಟ್ಟಿ ರಗ್ಬಿ ಕ್ಲಬ್ ಮೊದಲೇ ಇದ್ದುದರಿಂದ ಅದು ಕೈಗೂಡಲಿಲ್ಲ. 1880ರಲ್ಲಿ ಫುಟ್ಬಾಲ್‌ಗೆ ಬದಲಾದರು. ಆ ಆಟದಲ್ಲಿ ಅವರು ಎಲ್ಲಿದ್ದರು ಎಂಬುದನ್ನು 1881ರ ಮಾರ್ಚ್‌ನ ಒಂದು ಪಂದ್ಯ ತಿಳಿಸುತ್ತದೆ. ಹತ್ತಿರದ ಬ್ಲ್ಯಾಕ್‌ಬರ್ನ್ ರೋವರ್ಸ್ ಎದುರು ಅವರು 16–0 ಅಂತರದಿಂದ ಸೋತರು.

ಈ ತಂಡವನ್ನು ಕಟ್ಟಿದ ಕಾರ್ಯದರ್ಶಿ ಈ ಊರಿನವರೇ. 1850ರಲ್ಲಿ ಹುಟ್ಟಿದವರು, ಹತ್ತಿ ಗಿರಣಿಯೊಂದರ ವ್ಯವಸ್ಥಾಪಕರ ಸ್ಥಾನಕ್ಕೆ ಏರಿದವರು. ಸ್ವಯಂಸೇವಕ ಪಡೆಯ ಹುದ್ದೆಯಿಂದಾಗಿ ಊರು ಅವರನ್ನು ಮೇಜರ್ ಎಂದು ಕರೆಯುತ್ತಿತ್ತು. ಗಿರಣಿಯಲ್ಲಿ ಯಾವ ಕೆಲಸಕ್ಕೆ ಯಾರು ತಕ್ಕವರು ಎಂದು ಹುಡುಕಿ ಹಾಕುವ ಅಭ್ಯಾಸವನ್ನು ಅವರು ಮೈದಾನಕ್ಕೂ ತಂದರು. ಹದಿನಾರು ಗೋಲುಗಳ ಸೋಲಿನ ನಂತರ ಅವರ ಮುಂದಿದ್ದ ಪ್ರಶ್ನೆ ಸರಳವಾಗಿತ್ತು: ಊರಿನ ಹುಡುಗರನ್ನು ನಿಧಾನವಾಗಿ ತಯಾರು ಮಾಡುವುದೇ, ಅಥವಾ ಆಟ ಬಲ್ಲವರನ್ನು ಹೊರಗಿನಿಂದ ಕರೆತರುವುದೇ? ಅವರು ಎರಡನೆಯದನ್ನು ಆರಿಸಿಕೊಂಡರು.

ನಿಯಮಕ್ಕೂ ವಾಸ್ತವಕ್ಕೂ ನಡುವೆ

ಆಟ ಬಲ್ಲವರು ಇದ್ದದ್ದು ಸ್ಕಾಟ್ಲೆಂಡಿನಲ್ಲಿ. ಇಂಗ್ಲೆಂಡಿನ ಪ್ರತಿಷ್ಠಿತ ಶಾಲೆಗಳಲ್ಲಿ ಬೆಳೆದ ಫುಟ್ಬಾಲ್ ಬಹುತೇಕ ಡ್ರಿಬ್ಲಿಂಗ್‌ನ ಆಟ: ಚೆಂಡು ಸಿಕ್ಕವನು ಅದನ್ನು ಕಾಲಲ್ಲೇ ಇಟ್ಟುಕೊಂಡು ನುಗ್ಗುತ್ತಿದ್ದ, ಉಳಿದವರು ಅವನ ಬೆನ್ನಿಗೆ ಓಡುತ್ತಿದ್ದರು. 1872ರಲ್ಲಿ ನಡೆದ ಮೊದಲ ಅಂತಾರಾಷ್ಟ್ರೀಯ ಪಂದ್ಯದಲ್ಲಿ ಗ್ಲಾಸ್ಗೋ ನಗರದ ಕ್ವೀನ್ಸ್ ಪಾರ್ಕ್ ಕ್ಲಬ್‌ನವರೇ ತುಂಬಿದ್ದ ಸ್ಕಾಟ್ಲೆಂಡ್ ತಂಡ ಇಂಗ್ಲೆಂಡನ್ನು ಗೋಲಿಲ್ಲದ ಸಮಕ್ಕೆ ಕಟ್ಟಿಹಾಕಿತು. ಮುಂದಿನ ಹತ್ತು ವರ್ಷಗಳಲ್ಲಿ ಸ್ಕಾಟರು ಒಬ್ಬರಿಂದೊಬ್ಬರಿಗೆ ಚೆಂಡು ದಾಟಿಸುವ ಆಟವನ್ನು ಒಂದು ವಿದ್ಯೆಯ ಮಟ್ಟಕ್ಕೆ ಏರಿಸಿದರು.

ಆದರೆ ಆಡಲು ಹಣ ಕೊಡುವುದು ನಿಷಿದ್ಧವಾಗಿತ್ತು. ಇಂಗ್ಲೆಂಡಿನ ಫುಟ್ಬಾಲ್ ಆಡಳಿತ ಸಂಸ್ಥೆಯಾದ ಫುಟ್ಬಾಲ್ ಅಸೋಸಿಯೇಷನ್‌ನ (ಎಫ್‌ಎ) 1882ರ ನಿಯಮದ ಪ್ರಕಾರ ಪ್ರಯಾಣದ ಖರ್ಚು ಮತ್ತು ಆ ದಿನ ತಪ್ಪಿಹೋದ ಕೂಲಿ ಬಿಟ್ಟು ಬೇರೇನನ್ನು ಪಡೆದರೂ ಆಟಗಾರ ಕಪ್ ಪಂದ್ಯಗಳಿಗೆ ಅನರ್ಹ. ಈ ನಿಯಮ ಮಾಡಿದವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗಾಗಿ ದುಡಿಯಬೇಕಾಗಿಲ್ಲದ ವರ್ಗದವರು. ಅವರಿಗೆ ಹವ್ಯಾಸಿತನ ಒಂದು ಮೌಲ್ಯ. ವಾರವಿಡೀ ಮಗ್ಗದ ಮುಂದೆ ನಿಲ್ಲುವವನಿಗೆ ಅದು ಭರಿಸಲಾಗದ ವೆಚ್ಚ. 1883ರ ಕಪ್ ಫೈನಲ್‌ನಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ತಂಡ, ಪ್ರತಿಷ್ಠಿತ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳ ಓಲ್ಡ್ ಎಟೋನಿಯನ್ಸ್ ತಂಡವನ್ನು 2–1ರಿಂದ ಸೋಲಿಸಿದಾಗ ಈ ಎರಡು ವರ್ಗಗಳು ಒಂದೇ ಮೈದಾನದಲ್ಲಿ ಎದುರುಬದುರಾಗಿದ್ದವು. ಗೆದ್ದವರಲ್ಲಿ ನೇಕಾರರೂ ಇತರ ಕೈಕೆಲಸದವರೂ ಇದ್ದರು. ಕಬ್ಬಿಣದ ಎರಕದ ಉದ್ಯಮಿಯೊಬ್ಬರು ಕೊಟ್ಟ ಹಣದಿಂದ ಅವರು ಫೈನಲ್‌ಗೆ ಮುನ್ನ ಬ್ಲ್ಯಾಕ್‌ಪೂಲ್‌ನ ಕಡಲತೀರದಲ್ಲಿ ತರಬೇತಿ ಪಡೆದಿದ್ದರು.

ಲ್ಯಾಂಕಶೈರ್‌ನ ಕ್ಲಬ್‌ಗಳು ನಿಯಮವನ್ನು ದಾಟುವ ಉಪಾಯವನ್ನು ಆಗಲೇ ಕಂಡುಕೊಂಡಿದ್ದವು. ಆಟಗಾರನಿಗೆ ಊರಿನಲ್ಲಿ ಒಂದು ಕೆಲಸ ಹುಡುಕಿಕೊಡುವುದು. ಕೆಲಸ ನಿಜವೂ ಆಗಿರಬಹುದು, ಹೆಸರಿಗಷ್ಟೇ ಇರಬಹುದು. ನಮ್ಮ ಕಾರ್ಯದರ್ಶಿಯೂ ಇದೇ ದಾರಿ ಹಿಡಿದರು. 1883ರಲ್ಲಿ ಎಡಿನ್‌ಬರೋದ ಹಾರ್ಟ್ಸ್ ಕ್ಲಬ್‌ನ ನಾಯಕನನ್ನು ಪ್ರೆಸ್ಟನ್ನಿಗೆ ಕರೆತಂದರು. ಆತ ಮನೆಗಳ ಚಾವಣಿಗೆ ಸ್ಲೇಟ್ ಹೊದಿಸುವ ಕಸುಬಿನವ. ಪ್ರೆಸ್ಟನ್ನಿನಲ್ಲೂ ಆತನೇ ನಾಯಕನಾದ. ಅವನ ತಮ್ಮನೂ ಬಂದ, ಇನ್ನಷ್ಟು ಸ್ಕಾಟರೂ ಬಂದರು. ಕಾರ್ಯದರ್ಶಿ ಆಟದ ತಂತ್ರವನ್ನು ಚದುರಂಗದ ಕಾಯಿಗಳನ್ನು ಬಿಲಿಯರ್ಡ್ಸ್ ಮೇಜಿನ ಮೇಲಿಟ್ಟು ಆಟಗಾರರಿಗೆ ವಿವರಿಸುತ್ತಿದ್ದರೆಂದು ಹೇಳುತ್ತಾರೆ. ಹಿಂದೆ ಇಬ್ಬರು ಫುಲ್‌ಬ್ಯಾಕ್, ನಡುವೆ ಮೂವರು ಹಾಫ್‌ಬ್ಯಾಕ್, ಮುಂದೆ ಐವರು ಫಾರ್ವರ್ಡ್‌ಗಳ ವ್ಯೂಹವನ್ನು ಇಂಗ್ಲೆಂಡಿನಲ್ಲಿ ಗಟ್ಟಿಗೊಳಿಸಿದ ತಂಡಗಳಲ್ಲಿ ಇದು ಮುಖ್ಯವಾದುದು.

1884ರ ಜನವರಿ: ಮೊದಲ ತಿರುವು

1884ರ ಜನವರಿ 19ರಂದು ಲಂಡನ್ನಿನ ಅಪ್ಟನ್ ಪಾರ್ಕ್ ಎಂಬ ಹವ್ಯಾಸಿ ತಂಡ ಕಪ್ ಪಂದ್ಯಕ್ಕಾಗಿ ಡೀಪ್‌ಡೇಲ್‌ಗೆ ಬಂದಿತು. ಪಂದ್ಯ 1–1ರಲ್ಲಿ ಮುಗಿಯಿತು. ಬಳಿಕ ಅಪ್ಟನ್ ಪಾರ್ಕ್, ಪ್ರೆಸ್ಟನ್ ಹಣ ಕೊಟ್ಟು ಆಟಗಾರರನ್ನು ಆಡಿಸುತ್ತಿದೆ ಎಂದು ದೂರು ಕೊಟ್ಟಿತು. ಅಸೋಸಿಯೇಷನ್ ನಮ್ಮ ಕಾರ್ಯದರ್ಶಿಯನ್ನು ವಿಚಾರಣೆಗೆ ಕರೆಯಿತು.

ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಲ್ಲಬಯಸುವ ಜಾಗ ಇದು. ಕಾರ್ಯದರ್ಶಿಯ ಮುಂದೆ ಮೂರು ದಾರಿಗಳಿದ್ದವು. ಒಂದು, ಎಲ್ಲವನ್ನೂ ನಿರಾಕರಿಸುವುದು. ಸಂಬಳ ಕೊಟ್ಟದ್ದಕ್ಕೆ ಸಾಕ್ಷ್ಯ ಹುಡುಕುವುದು ಸುಲಭವಿರಲಿಲ್ಲ, ಹೀಗಾಗಿ ನಿರಾಕರಿಸಿ ಪಾರಾಗುವ ಸಾಧ್ಯತೆ ಚೆನ್ನಾಗಿಯೇ ಇತ್ತು. ಎರಡು, ತಪ್ಪಾಯಿತೆಂದು ಕೇಳಿಕೊಂಡು ಕೆಲವು ಆಟಗಾರರನ್ನು ಕೈಬಿಟ್ಟು ಕಪ್‌ನಲ್ಲಿ ಉಳಿಯಲು ಯತ್ನಿಸುವುದು. ಮೂರನೆಯದು, ಹೌದು ಎನ್ನುವುದು.

ಅವರು ಹೌದು ಎಂದರು. ಹೊರಗಿನಿಂದ ಆಟಗಾರರನ್ನು ತಂದದ್ದೂ ನಿಜ, ಅವರಿಗೆ ಊರಿನಲ್ಲಿ ಕೆಲಸ ಕೊಡಿಸಿದ್ದೂ ನಿಜ, ಸೀಮೆಯ ಇತರ ಕ್ಲಬ್‌ಗಳಲ್ಲೂ ನಡೆಯುತ್ತಿರುವುದು ಇದೇ ಎಂಬುದು ಅವರ ನಿಲುವಾಗಿತ್ತು. ಪ್ರೆಸ್ಟನ್ ಕಪ್‌ನಿಂದ ಹೊರಬಿತ್ತು.

ತಕ್ಷಣದ ನಷ್ಟ ದೊಡ್ಡದು. ಆ ಕಾಲದಲ್ಲಿ ಲೀಗ್ ಇರಲಿಲ್ಲ, ಕ್ಲಬ್‌ಗೆ ದೇಶದ ಮಟ್ಟದಲ್ಲಿ ಹೆಸರು ತರುವ ಸ್ಪರ್ಧೆ ಕಪ್ ಒಂದೇ. ಆದರೆ ಒಬ್ಬರು ಬಹಿರಂಗವಾಗಿ ಒಪ್ಪಿಕೊಂಡ ಮೇಲೆ ಉಳಿದವರು ಕಣ್ಣು ಮುಚ್ಚಿಕೊಂಡಿರುವುದು ಕಷ್ಟವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಉತ್ತರದ ಕ್ಲಬ್‌ಗಳು ಮ್ಯಾಂಚೆಸ್ಟರ್‌ನಲ್ಲಿ ಸೇರಿ, ಬ್ರಿಟಿಷ್ ಫುಟ್ಬಾಲ್ ಅಸೋಸಿಯೇಷನ್ ಎಂಬ ಪ್ರತ್ಯೇಕ ಸಂಸ್ಥೆ ಕಟ್ಟುವುದಾಗಿ ಸಾರಿದವು. ಆಟವೇ ಎರಡಾಗಿ ಒಡೆಯುವ ಹಂತ. ಅಸೋಸಿಯೇಷನ್‌ನ ಕಾರ್ಯದರ್ಶಿ ಚಾರ್ಲ್ಸ್ ಆಲ್ಕಾಕ್ ಸ್ವತಃ ಹವ್ಯಾಸಿ ಪರಂಪರೆಯ ಮನುಷ್ಯ. ಆದರೂ ಅವರು ಸಂಬಳದ ಆಟವನ್ನು ಕಾನೂನಿನೊಳಗೆ ತರುವುದೇ ಸರಿ ಎಂಬ ಪಕ್ಷಕ್ಕೆ ನಿಂತರು. 1885ರ ಜುಲೈ 20ರಂದು ವೃತ್ತಿಪರತೆಗೆ ಮಾನ್ಯತೆ ಸಿಕ್ಕಿತು. ಕಪ್ ಪಂದ್ಯಗಳಿಗೆ ಒಂದು ಷರತ್ತು ಉಳಿಯಿತು: ವೃತ್ತಿಪರ ಆಟಗಾರ ಕ್ಲಬ್‌ನ ಮೈದಾನದಿಂದ ಆರು ಮೈಲಿಯೊಳಗೆ ಹುಟ್ಟಿರಬೇಕು ಅಥವಾ ಎರಡು ವರ್ಷ ವಾಸವಾಗಿರಬೇಕು.

ಹದಿನೆಂಟು ತಿಂಗಳಲ್ಲಿ ಒಂದು ಕ್ಲಬ್‌ನ ಅಪರಾಧ ಇಡೀ ದೇಶದ ನಿಯಮವಾಯಿತು. ಆ ನಿಯಮದಿಂದ ಸಾವಿರಾರು ದುಡಿಯುವ ಮನೆಗಳ ಹುಡುಗರಿಗೆ ಆಟವೇ ಜೀವನೋಪಾಯವಾಗುವ ದಾರಿ ತೆರೆಯಿತು. ಕಾರ್ಯದರ್ಶಿಯ ಮುಂದಿನ ಬದುಕು ಏನೇ ಆಗಿರಲಿ, ಈ ಒಂದು ದಿನದ ಧೈರ್ಯಕ್ಕಾಗಿ ನಾನು ಅವರನ್ನು ಗೌರವಿಸುತ್ತೇನೆ.

ಗೆಲ್ಲಲು ಕಲಿಯುವ ಮೊದಲು

ಕಾನೂನು ಅನುಕೂಲವಾದ ಕೂಡಲೇ ಕಪ್ ಬರಲಿಲ್ಲ. 1887ರ ಸೆಮಿಫೈನಲ್‌ನಲ್ಲಿ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ತಂಡ ಪ್ರೆಸ್ಟನ್ನನ್ನು 3–1ರಿಂದ ಸೋಲಿಸಿತು. ಆ ಋತುವಿನಲ್ಲಿ ಪ್ರೆಸ್ಟನ್ನಿನ ಗೋಲು ಕಾದವನು ಇಂದಿನ ಘಾನಾದಲ್ಲಿ, ಅಂದರೆ ಆಗಿನ ಗೋಲ್ಡ್ ಕೋಸ್ಟ್‌ನಲ್ಲಿ ಹುಟ್ಟಿದ ಕಪ್ಪುವರ್ಣದ ಓಟಗಾರ. ಹಿಂದಿನ ವರ್ಷವಷ್ಟೇ ನೂರು ಗಜದ ಓಟವನ್ನು ಹತ್ತು ಸೆಕೆಂಡುಗಳಲ್ಲಿ ಮುಗಿಸಿದ್ದ. ಮುಂದೆ ಬೇರೆ ಕ್ಲಬ್‌ಗಳಲ್ಲಿ ಸಂಬಳಕ್ಕೆ ಆಡಿ, ಜಗತ್ತಿನ ಮೊದಲ ಕಪ್ಪುವರ್ಣದ ವೃತ್ತಿಪರ ಫುಟ್ಬಾಲ್ ಆಟಗಾರನೆಂದು ಹೆಸರಾದ. ಕಾರ್ಯದರ್ಶಿ ಆಟಗಾರನಲ್ಲಿ ನೋಡುತ್ತಿದ್ದದ್ದು ಆಟವನ್ನು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

1887ರ ಅಕ್ಟೋಬರ್ 15ರಂದು ಕಪ್‌ನ ಮೊದಲ ಸುತ್ತಿನಲ್ಲಿ ಹೈಡ್ ಎಂಬ ತಂಡವನ್ನು ಪ್ರೆಸ್ಟನ್ 26–0ರಿಂದ ಸೋಲಿಸಿತು. ಇಂಗ್ಲೆಂಡಿನ ಉನ್ನತ ಮಟ್ಟದ ಸ್ಪರ್ಧೆಗಳಲ್ಲಿ ಇದು ಇಂದಿಗೂ ದಾಖಲೆ. ಇಂಥ ಗೆಲುವು ತಂಡಕ್ಕೆ ಏನನ್ನೂ ಕಲಿಸುವುದಿಲ್ಲ ಎಂದು ನನಗನ್ನಿಸುತ್ತದೆ. ಮುಂದಿನ ಮಾರ್ಚ್‌ನಲ್ಲಿ ಅದು ಸಾಬೀತಾಯಿತು.

1888ರ ಮಾರ್ಚ್ 24. ಲಂಡನ್ನಿನ ಓವಲ್ ಮೈದಾನದಲ್ಲಿ ಫೈನಲ್. ಎದುರಾಳಿ ಮತ್ತೆ ವೆಸ್ಟ್ ಬ್ರಾಮ್‌ವಿಚ್. ಆ ತಂಡದ ಹನ್ನೊಂದು ಮಂದಿಯೂ ಇಂಗ್ಲಿಷರು. ಪ್ರೆಸ್ಟನ್ನಿನವರು ಅಂಗಿ ಕೊಳೆಯಾಗುವ ಮೊದಲೇ ಕಪ್ ಜೊತೆ ಫೋಟೊ ತೆಗೆಸಿಕೊಳ್ಳಲು ಅನುಮತಿ ಕೇಳಿದರೆಂದೂ, ಮೊದಲು ಅದನ್ನು ಗೆದ್ದು ಬನ್ನಿ ಎಂಬರ್ಥದ ಉತ್ತರ ರೆಫರಿ ಫ್ರಾನ್ಸಿಸ್ ಮರಿಂಡಿನ್ ಅವರಿಂದ ಬಂದಿತೆಂದೂ ಒಂದು ಕತೆ ಪ್ರಚಲಿತವಾಗಿದೆ. ಅದೇ ದಿನ ಥೇಮ್ಸ್ ನದಿಯಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ನಡುವಿನ ದೋಣಿ ಸ್ಪರ್ಧೆ ಇತ್ತು. ಅದನ್ನು ನೋಡುತ್ತ ದಡದಲ್ಲಿ ನಿಂತ ಆಟಗಾರರು ಚಳಿಗೆ ಮರಗಟ್ಟಿ ಮೈದಾನಕ್ಕೆ ಬಂದರೆಂಬ ಮಾತೂ ಇದೆ. ಕತೆಗಳು ಎಷ್ಟು ನಿಜವೋ, ಫಲಿತಾಂಶ ಮಾತ್ರ ದಾಖಲೆಯಲ್ಲಿದೆ: ವೆಸ್ಟ್ ಬ್ರಾಮ್‌ವಿಚ್ 2, ಪ್ರೆಸ್ಟನ್ 1.

ಈ ಸೋಲಿನ ಬೆನ್ನಿಗೇ ಮತ್ತೊಂದು ಹೊಡೆತ. ಐದು ವರ್ಷ ತಂಡವನ್ನು ಮುನ್ನಡೆಸಿದ ಸ್ಕಾಟ್ ನಾಯಕ ಎವರ್ಟನ್ ಕ್ಲಬ್‌ಗೆ ಹೊರಟುಹೋದ. ಹಣ ಕೊಟ್ಟು ತಂದ ಆಟಗಾರ ಹೆಚ್ಚು ಕೊಡುವವರ ಬಳಿಗೆ ಹೋಗಬಲ್ಲ. ವೃತ್ತಿಪರತೆಗಾಗಿ ಹೋರಾಡಿದ ಕ್ಲಬ್‌ಗೆ ಅದರ ಮೊದಲ ಬಿಸಿ ತಟ್ಟಿತು.

ಎರಡನೆಯ ತಿರುವು: ಲೀಗ್

ಆ ಫೈನಲ್‌ನ ಹಿಂದಿನ ಸಂಜೆ, ಮಾರ್ಚ್ 23ರಂದು, ಲಂಡನ್ನಿನ ಫ್ಲೀಟ್ ಬೀದಿಯ ಆಂಡರ್ಟನ್ಸ್ ಹೋಟೆಲಿನಲ್ಲಿ ಒಂದು ಸಭೆ ಸೇರಿತ್ತು. ಕರೆದವರು ಆಸ್ಟನ್ ವಿಲ್ಲಾ ಕ್ಲಬ್‌ನ ವಿಲಿಯಂ ಮ್ಯಾಕ್‌ಗ್ರೆಗರ್, ಬರ್ಮಿಂಗ್‌ಹ್ಯಾಮ್‌ನ ಬಟ್ಟೆ ವ್ಯಾಪಾರಿ. ಅವರ ತೊಂದರೆ ವ್ಯಾಪಾರಿಯ ತೊಂದರೆಯೇ. ಆಟಗಾರರಿಗೆ ವಾರವಾರವೂ ಸಂಬಳ ಕೊಡಬೇಕು, ಆದರೆ ವಾರವಾರವೂ ಪಂದ್ಯ ನಡೆಯುವ ಖಾತರಿಯಿಲ್ಲ. ಸ್ನೇಹಪಂದ್ಯಗಳು ಕೊನೆಯ ಗಳಿಗೆಯಲ್ಲಿ ರದ್ದಾಗುತ್ತಿದ್ದವು. ಆದ್ದರಿಂದ ಹತ್ತು ಹನ್ನೆರಡು ಬಲವಾದ ಕ್ಲಬ್‌ಗಳು ಮೊದಲೇ ದಿನ ಗೊತ್ತುಮಾಡಿಕೊಂಡು ಪರಸ್ಪರ ಎರಡೆರಡು ಸಲ ಆಡಬೇಕು ಎಂಬುದು ಅವರ ಸಲಹೆ. ಏಪ್ರಿಲ್ 17ರಂದು ಮ್ಯಾಂಚೆಸ್ಟರ್‌ನ ರಾಯಲ್ ಹೋಟೆಲಿನಲ್ಲಿ ಫುಟ್ಬಾಲ್ ಲೀಗ್ ಅಧಿಕೃತವಾಗಿ ಹುಟ್ಟಿತು. ಲ್ಯಾಂಕಶೈರ್‌ನಿಂದ ಆರು, ಮಧ್ಯ ಇಂಗ್ಲೆಂಡಿನಿಂದ ಆರು ಕ್ಲಬ್‌ಗಳು. ನಮ್ಮ ಕಾರ್ಯದರ್ಶಿ ಅದರ ಖಜಾಂಚಿಯಾದರು.

ಪ್ರೆಸ್ಟನ್ ಇದಕ್ಕೆ ಒಪ್ಪಲೇಬೇಕಾಗಿರಲಿಲ್ಲ. ದೇಶದ ಪ್ರತಿ ಊರೂ ನೋಡಲು ಬಯಸುತ್ತಿದ್ದ ತಂಡ ಅದು. ಸ್ನೇಹಪಂದ್ಯಗಳಿಗೆ ತನ್ನದೇ ಷರತ್ತು ಹಾಕಬಹುದಿತ್ತು. ಲೀಗ್ ಸೇರುವುದೆಂದರೆ ಆ ಅನುಕೂಲವನ್ನು ಬಿಟ್ಟುಕೊಟ್ಟು, ಇತರ ಹನ್ನೊಂದು ಕ್ಲಬ್‌ಗಳಿಗೂ ತನ್ನ ಹೆಸರಿನಿಂದ ಜನ ಸೇರುವ ದಿನಗಳನ್ನು ಒದಗಿಸುವುದು. ಕಾರ್ಯದರ್ಶಿ ಒಪ್ಪಿದರು. ತಂಡ ಎಷ್ಟು ಒಳ್ಳೆಯದೆಂದು ಅಳೆಯಲು ಒಂದು ಅಳತೆಗೋಲು ಬೇಕು ಎಂಬ ಹಂಬಲವೂ ಅವರಲ್ಲಿ ಇದ್ದಿರಬೇಕೆಂದು ನನ್ನ ಊಹೆ.

ಹೊರಟುಹೋದ ನಾಯಕನ ಜಾಗದಲ್ಲಿ ಅವರು ಇನ್ನೊಬ್ಬ ದುಬಾರಿ ತಾರೆಯನ್ನು ಕೂರಿಸಲಿಲ್ಲ. ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ, ಸಂಬಳವಿಲ್ಲದೆ ಆಡುತ್ತಿದ್ದ ಶಿಕ್ಷಕನೊಬ್ಬ ತಂಡದ ನಾಯಕನಾದ. ಸಂಬಳದ ಆಟಕ್ಕಾಗಿ ದೇಶದೊಡನೆ ಜಗಳ ಕಾಯ್ದ ಕ್ಲಬ್ಬಿಗೆ ಹವ್ಯಾಸಿಯೇ ನಾಯಕ. ಕಪ್ ಫೈನಲ್‌ನಲ್ಲಿ ಗೋಲು ಕಾದ ವೇಲ್ಸ್‌ನ ಆಟಗಾರ ವೈದ್ಯ ವೃತ್ತಿಯವನು, ಆತನೂ ಹವ್ಯಾಸಿ. ಇಬ್ಬರು ಫುಲ್‌ಬ್ಯಾಕ್‌ಗಳು ಪ್ರೆಸ್ಟನ್ನಿನವರೇ, ಅವರಲ್ಲಿ ಒಬ್ಬನಿಗೆ ವಜ್ರ ಎಂದೇ ಅಡ್ಡಹೆಸರು. ಮಧ್ಯದಲ್ಲಿ ಮೂವರೂ ಸ್ಕಾಟರು. ಮುಂದೆ, ಲಂಡನ್ನಿನಲ್ಲಿ ಸ್ಕಾಟ್ ದಂಪತಿಗೆ ಹುಟ್ಟಿ ಕಿಲ್‌ಮಾರ್ನಾಕ್‌ನಲ್ಲಿ ಬೆಳೆದ ಸೆಂಟರ್ ಫಾರ್ವರ್ಡ್. ಆ ಋತುವಿನ ಲೀಗ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದವನು ಅವನೇ. ಹೊರಟುಹೋದ ನಾಯಕನ ತಮ್ಮ ಅವನ ಪಕ್ಕದಲ್ಲಿ ಆಡುತ್ತಿದ್ದ.

ಕೊಂಡುತಂದ ತಂಡ ಎಂಬ ಟೀಕೆ ಪ್ರೆಸ್ಟನ್ ಮೇಲೆ ಅಂದೂ ಇತ್ತು, ಇಂದೂ ಇದೆ. ಆ ಹನ್ನೊಂದು ಮಂದಿಯನ್ನು ನೋಡಿದಾಗ ನನಗೆ ಕಾಣುವುದು ಬೇರೆ: ಸಂಬಳದವರು ಮತ್ತು ಹವ್ಯಾಸಿಗಳು, ಊರಿನವರು ಮತ್ತು ಪರಊರಿನವರು ಜೊತೆಯಾಗಿ ಕೆಲಸ ಮಾಡಬಲ್ಲ ಸಂಯೋಜನೆ. ಐದಾರು ವರ್ಷ ಜೊತೆಯಲ್ಲಿ ಆಡಿದ ಆಟಗಾರರು ಅದರ ಬೆನ್ನೆಲುಬು. ಚೆಂಡು ದಾಟಿಸುವ ಆಟಕ್ಕೆ ಇದು ಎಲ್ಲಕ್ಕಿಂತ ಮುಖ್ಯ. ಪಕ್ಕದವನು ಎಲ್ಲಿರುತ್ತಾನೆಂದು ತಿರುಗಿ ನೋಡದೆ ತಿಳಿಯಬೇಕಾದರೆ ವರ್ಷಗಳು ಬೇಕು.

ಲೀಗ್‌ನ ಮೊದಲ ದಿನ ಡೀಪ್‌ಡೇಲ್‌ನಲ್ಲಿ ಬರ್ನ್‌ಲಿಯನ್ನು 5–2ರಿಂದ ಸೋಲಿಸಿದರು. ಜನವರಿ ಆರಂಭದ ಹೊತ್ತಿಗೇ ಲೀಗ್ ಅವರ ಕೈಯಲ್ಲಿತ್ತು. ಕೊನೆಗೆ 40 ಅಂಕ, ಎರಡನೆಯ ಆಸ್ಟನ್ ವಿಲ್ಲಾಗೆ 29. ಕಪ್‌ನಲ್ಲಿ ಬೂಟಲ್, ಗ್ರಿಮ್ಸ್‌ಬಿ, ಬರ್ಮಿಂಗ್‌ಹ್ಯಾಮ್ ಸೇಂಟ್ ಜಾರ್ಜಸ್ ತಂಡಗಳನ್ನು ದಾಟಿ ಸೆಮಿಫೈನಲ್‌ಗೆ ಬಂದಾಗ ಎದುರಿಗೆ ಮತ್ತೆ ವೆಸ್ಟ್ ಬ್ರಾಮ್‌ವಿಚ್. ಈ ಬಾರಿ 1–0. 1889ರ ಮಾರ್ಚ್ 30ರಂದು ಓವಲ್‌ನಲ್ಲಿ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ವಿರುದ್ಧ 3–0. ಮೊದಲ ಗೋಲು ಶಿಕ್ಷಕನದು. ತಂಡಕ್ಕೆ ಅಜೇಯರು ಎಂಬ ಬಿರುದು ನಿಂತಿತು. ಲೀಗ್ ಪೂರ್ತಿ ಸೋಲದೆ ಮುಗಿಸಿದ ಮತ್ತೊಂದು ತಂಡವನ್ನು ಇಂಗ್ಲೆಂಡಿನ ಅಗ್ರ ವಿಭಾಗ ಕಾಣಲು 2003–04ರ ಆರ್ಸೆನಲ್‌ವರೆಗೆ ಕಾಯಬೇಕಾಯಿತು. ಅದು 38 ಪಂದ್ಯಗಳ ಲೀಗ್, ಇನ್ನೂ ದೊಡ್ಡ ಸಾಧನೆ. ಆದರೆ ಆ ವರ್ಷ ಆರ್ಸೆನಲ್ ಕೈಗೆ ಎಫ್‌ಎ ಕಪ್ ಬರಲಿಲ್ಲ.

ಇಳಿಜಾರು

1889–90ರಲ್ಲಿ ಪ್ರೆಸ್ಟನ್ ಮತ್ತೆ ಲೀಗ್ ಗೆದ್ದಿತು. ಈ ಸಲ 33 ಅಂಕ, ಎರಡನೆಯ ಎವರ್ಟನ್‌ಗೆ 31. ನಾಲ್ಕು ಪಂದ್ಯ ಸೋತಿತ್ತು. ಹಳೆಯ ನಾಯಕ ಒಂದೇ ವರ್ಷದಲ್ಲಿ ಮರಳಿ ಬಂದಿದ್ದ, ಆದರೆ ಸೆಂಟರ್ ಫಾರ್ವರ್ಡ್ ಡರ್ಬಿ ಕೌಂಟಿಗೆ ಹೋಗಿದ್ದ. ಮುಂದಿನ ಮೂರು ಋತುಗಳಲ್ಲಿ ಪ್ರೆಸ್ಟನ್ ಎರಡನೆಯ ಸ್ಥಾನದಲ್ಲೇ ನಿಂತಿತು. ಮೊದಲು ಎವರ್ಟನ್, ಆಮೇಲೆ ಎರಡು ಸಲ ಸಂಡರ್‌ಲೆಂಡ್ ಲೀಗ್ ಗೆದ್ದವು.

ಈ ಮೂರು ವರ್ಷಗಳನ್ನು ಅವನತಿ ಎಂದು ಬರೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ, ಮೂರು ಬಾರಿ ಎರಡನೆಯ ಸ್ಥಾನ ಸಾಮಾನ್ಯ ಸಾಧನೆಯಲ್ಲ. ಆದರೆ ಕಾರಣವನ್ನು ಗಮನಿಸಬೇಕು. ಪ್ರೆಸ್ಟನ್ ಸುಮಾರು ಒಂದು ಲಕ್ಷ ಜನರ ಊರು. ಎವರ್ಟನ್ ಇದ್ದ ಲಿವರ್‌ಪೂಲ್ ಐದು ಲಕ್ಷ ಮೀರಿದ ಬಂದರು. ಸಂಡರ್‌ಲೆಂಡ್‌ಗೆ ಹಡಗುಕಟ್ಟೆ ಮತ್ತು ಕಲ್ಲಿದ್ದಲಿನ ಹಣದ ಬಲವಿತ್ತು, ಅದೂ ಸ್ಕಾಟರನ್ನೇ ತುಂಬಿಕೊಂಡಿತ್ತು. ಸಂಬಳ ನಿಷಿದ್ಧವಾಗಿದ್ದಾಗ ಜಾಣ್ಮೆ ಮತ್ತು ಧೈರ್ಯ ಉಳ್ಳವನಿಗೆ ಮೇಲುಗೈ ಇತ್ತು. ಸಂಬಳ ಕಾನೂನುಬದ್ಧವಾದ ಮೇಲೆ ಮೇಲುಗೈ ದೊಡ್ಡ ಊರಿನದಾಯಿತು. ಲೀಗ್ ಎಲ್ಲರಿಗೂ ನಿಯತ ಆದಾಯ ತಂದಿತು, ನಿಯತ ಆದಾಯ ಎಲ್ಲರಿಗೂ ಒಳ್ಳೆಯ ಆಟಗಾರರನ್ನು ತಂದಿತು. ಪ್ರೆಸ್ಟನ್ ಕಿರೀಟ ತೊಟ್ಟ ವ್ಯವಸ್ಥೆಯೇ ಪ್ರೆಸ್ಟನ್ನಿನ ವಿಶೇಷವನ್ನು ಸಮತಟ್ಟು ಮಾಡಿತು.

ಇಂಥ ಹೊತ್ತಿನಲ್ಲಿ ಒಂದು ಸಂಸ್ಥೆಯ ಮುಂದೆ ಒಂದು ಕಠಿಣ ಆಯ್ಕೆ ಬರುತ್ತದೆ: ಗಳಿಕೆಗೆ ತಕ್ಕಂತೆ ಖರ್ಚನ್ನು ಇಳಿಸಿ, ಎರಡನೆಯ ಅಥವಾ ಐದನೆಯ ಸ್ಥಾನಕ್ಕೆ ಒಗ್ಗಿಕೊಳ್ಳುವುದು, ಇಲ್ಲವೇ ಎಲ್ಲಿಂದಾದರೂ ಹಣ ತರುವುದು. ಕಾರ್ಯದರ್ಶಿ ಕ್ಲಬ್‌ನ ಅಧ್ಯಕ್ಷರೂ, ತಂಡದ ವ್ಯವಸ್ಥಾಪಕರೂ, ಆಟಗಾರರನ್ನು ಗೊತ್ತುಮಾಡುವವರೂ ಆಗಿದ್ದರು. ಗಿರಣಿಯ ಹಣಕಾಸೂ ಅವರ ಕೈಯಲ್ಲೇ ಇತ್ತು. ಗಿರಣಿಯಿಂದ ಹೋದ ಹಣ ಕ್ಲಬ್‌ಗಾಗಿಯೇ ವ್ಯಯವಾಯಿತು ಎಂಬ ನಂಬಿಕೆ ಬಲವಾಗಿದೆ. ಐಷಾರಾಮಕ್ಕಾಗಿ ಕದ್ದ ಮನುಷ್ಯನಂತೆ ಅವರು ನನಗೂ ಕಾಣುವುದಿಲ್ಲ. ಹಾಗೆಂದು ಮಾಲೀಕರ ಹಣ ಮಾಲೀಕರದೇ. ಅದನ್ನು ಊರಿನ ಸಂತೋಷಕ್ಕೆ ಖರ್ಚು ಮಾಡಿದರೂ ಅಪರಾಧ ಅಪರಾಧವೇ.

1893ರಲ್ಲಿ ಕ್ಲಬ್ ಸೀಮಿತ ಕಂಪನಿಯಾಯಿತು, ಕಾರ್ಯದರ್ಶಿಯ ಆಳ್ವಿಕೆ ಮುಗಿಯಿತು. ಮುಂದಿನ ಋತುವಿನಲ್ಲಿ ತಂಡ ಹದಿನಾಲ್ಕನೆಯ ಸ್ಥಾನಕ್ಕೆ ಕುಸಿದು, ನಾಟ್ಸ್ ಕೌಂಟಿ ವಿರುದ್ಧದ ಪರೀಕ್ಷಾ ಪಂದ್ಯವನ್ನು 4–0ರಿಂದ ಗೆದ್ದು ಮೊದಲ ವಿಭಾಗದಲ್ಲಿ ಉಳಿದುಕೊಂಡಿತು. 1894ರಲ್ಲಿ ಮೊದಲ ನಾಯಕ ಕ್ಷಯರೋಗದಿಂದ ಇನ್ನೂ ಮೂವತ್ತರ ಆಸುಪಾಸಿನಲ್ಲೇ ತೀರಿಕೊಂಡ. ಅಜೇಯ ಋತುವಿನಲ್ಲಿ ಮಾತ್ರ ಅವನು ಬೇರೆ ಕ್ಲಬ್‌ನಲ್ಲಿದ್ದ. 1895ರಲ್ಲಿ ಗಿರಣಿಯ ಲೆಕ್ಕ ಹೊರಬಂದು ಕಾರ್ಯದರ್ಶಿ ಜೈಲಿಗೆ ಹೋದರು. ಶಿಕ್ಷೆ ಮುಗಿದ ಮೇಲೆ ದಕ್ಷಿಣ ಆಫ್ರಿಕಾಕ್ಕೆ ತೆರಳಿ, ಅಲ್ಲಿ ಕ್ರೀಡಾ ಬರಹಗಾರರಾಗಿ ಬದುಕಿ, 1911ರಲ್ಲಿ ತೀರಿಕೊಂಡರು.

ತೀರ್ಮಾನಗಳನ್ನು ಮತ್ತೆ ನೋಡಿದರೆ

1884ರ ಒಪ್ಪಿಗೆಯನ್ನೂ 1895ರ ತೀರ್ಪನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದೇ ಈ ಪ್ರಕರಣದ ತಿರುಳು. ಆಟಗಾರರ ವಿಷಯದಲ್ಲಿ ಕಾರ್ಯದರ್ಶಿ ಎಲ್ಲವನ್ನೂ ಬೆಳಕಿಗೆ ತಂದರು, ಕಳೆದುಕೊಂಡರು, ಆಮೇಲೆ ಗೆದ್ದರು. ಬಹಿರಂಗವಾದದ್ದರಿಂದ ಅದು ಚರ್ಚೆಯಾಯಿತು, ಚರ್ಚೆಯಾದದ್ದರಿಂದ ನಿಯಮ ಬದಲಾಯಿತು. ಹಣದ ವಿಷಯದಲ್ಲಿ ಅದೇ ಮನುಷ್ಯ ಯಾರಿಗೂ ಏನನ್ನೂ ಹೇಳಲಿಲ್ಲ. ಕ್ಲಬ್‌ನ ಖರ್ಚು ಗಳಿಕೆಯನ್ನು ಮೀರುತ್ತಿದೆ ಎಂದು ಊರಿನ ಮುಂದೆ ನಿಂತು ಹೇಳಿದ್ದರೆ ಊರು ಚಂದಾ ಎತ್ತುತ್ತಿತ್ತೋ, ಆಟಗಾರರನ್ನು ಬಿಟ್ಟುಕೊಡುತ್ತಿತ್ತೋ, ಕಂಪನಿಯನ್ನು ಕೆಲವು ವರ್ಷ ಮೊದಲೇ ಕಟ್ಟುತ್ತಿತ್ತೋ, ಯಾವುದಾದರೂ ಒಂದು ದಾರಿ ಹುಡುಕುವ ಅವಕಾಶ ಇತ್ತು. ಅಸೋಸಿಯೇಷನ್‌ನ ಎದುರು ಹೌದೆನ್ನಲು ಬೇಕಾದ ಧೈರ್ಯಕ್ಕಿಂತ ತನ್ನ ಊರಿನ ಎದುರು ಸಾಲದು ಎನ್ನಲು ಬೇಕಾದ ಧೈರ್ಯ ದೊಡ್ಡದಿರಬೇಕು.

ಹೊಣೆಯನ್ನು ಅವರೊಬ್ಬರ ತಲೆಗೇ ಕಟ್ಟುವುದೂ ಸರಿಯಲ್ಲ. ಲೆಕ್ಕ ಕೇಳುವ ಸ್ಥಾನದಲ್ಲಿ ಕ್ಲಬ್‌ನ ಸದಸ್ಯರೂ ಇದ್ದರು. ಗೆಲ್ಲುತ್ತಿರುವ ತಂಡದ ಖಜಾನೆಯ ಬಗ್ಗೆ ಯಾರಿಗೂ ಪ್ರಶ್ನೆ ಹುಟ್ಟುವುದಿಲ್ಲ. ಸೋತ ವರ್ಷ ನಾವು ಪ್ರತಿ ಕಾಸಿಗೂ ಲೆಕ್ಕ ಕೇಳುತ್ತೇವೆ, ಗೆದ್ದ ವರ್ಷ ಹಾರ ಹಾಕಿ ಕಳಿಸುತ್ತೇವೆ. ಪ್ರೆಸ್ಟನ್ನಿನಲ್ಲಿ ಲೆಕ್ಕ ಕೇಳಬೇಕಾಗಿದ್ದ ವರ್ಷ 1889, ಎಲ್ಲವೂ ಚೆನ್ನಾಗಿದ್ದಾಗ. ಸಂಘಗಳ ವಾರ್ಷಿಕ ಸಭೆಯಲ್ಲಿ ಕೂರುವವರಿಗೆ ನಾನು ಒತ್ತಿ ಹೇಳಬಯಸುವ ಮಾತು ಇದೇ.

ಇನ್ನು ನಾಯಕ ಬಿಟ್ಟುಹೋದಾಗಿನ ತೀರ್ಮಾನ. ತಂಡದ ಒಳಗೇ ಬೆಳೆದವನನ್ನು, ಅದೂ ಸಂಬಳ ಪಡೆಯದವನನ್ನು ಮುಂದಿಟ್ಟದ್ದರಿಂದ ಒಬ್ಬ ತಾರೆಯ ನಿರ್ಗಮನ ತಂಡದ ಬಿಕ್ಕಟ್ಟಾಗಲಿಲ್ಲ. ಕಾರ್ಯದರ್ಶಿ ಮೈದಾನದಲ್ಲಿ ಮಾಡಿದ ಈ ಏರ್ಪಾಡನ್ನು ಕಚೇರಿಯಲ್ಲಿ ಮಾಡಲಿಲ್ಲ. ಮೈದಾನದಲ್ಲಿ ಪ್ರತಿ ಸ್ಥಾನಕ್ಕೂ ಇನ್ನೊಬ್ಬನಿದ್ದ. ಕಚೇರಿಯಲ್ಲಿ ಅವರ ಜಾಗಕ್ಕೆ ಯಾರೂ ಇರಲಿಲ್ಲ.

ಕ್ಲಬ್ ಉಳಿಯಿತು. ಲೀಗ್ ಸ್ಥಾಪಿಸಿದ ಹನ್ನೆರಡರಲ್ಲಿ ಒಂದಾದ, ಅದೇ ಸೀಮೆಯ ಇನ್ನೊಂದು ಹತ್ತಿ ಪಟ್ಟಣದ ಅಕ್ರಿಂಗ್ಟನ್ 1893ರಲ್ಲಿ ಲೀಗ್ ತೊರೆದು ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ಪ್ರೆಸ್ಟನ್ 1901ರಲ್ಲಿ ಎರಡನೆಯ ವಿಭಾಗಕ್ಕೆ ಇಳಿದು ಮತ್ತೆ ಮೇಲೇರಿತು, 1938ರಲ್ಲಿ ಎಫ್‌ಎ ಕಪ್ ಗೆದ್ದಿತು, ಇಂದಿಗೂ ಡೀಪ್‌ಡೇಲ್‌ನಲ್ಲೇ ಆಡುತ್ತಿದೆ. ಲೀಗ್‌ನ ಅಗ್ರ ಪ್ರಶಸ್ತಿ ಮಾತ್ರ 1890ರ ನಂತರ ಅದರ ಕೈಗೆ ಬಂದಿಲ್ಲ.